ಮಳೆಗಾಲದಲ್ಲಿ ವೈರಲ್ ಆದ ಹಪ್ಪಳ

ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಕೊಟ್ಟಿಗೆ ದಾಟಿ, ಸೊಪ್ಪಿನ ಬೆಟ್ಟದ ಬದಿ ಹತ್ತಿ, ಗೇರು ಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ನನ್ನ ಆನ್‌ಲೈನ್ ಅಂಗಡಿಯ ಗಲ್ಲಾಪೆಟ್ಟಿಗೆ ಇರುವುದೇ ಅಲ್ಲಿ. ಮಳೆಗಾಲದಲ್ಲಿ ಒಂದು ಕೈಲಿ ಕೊಡೆ, ಒಂದು ಕೈಲಿ ಮೊಬೈಲು, ಕಾಲಿಗೆ ಉಂಬಳ.

ಶುರುವಾಗಿದ್ದು 2020ರಲ್ಲಿ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಶಿರಸಿಗೆ ಬರುವ ನೆಂಟರು ಹಲಸಿನಕಾಯಿ ಹಪ್ಪಳ ಕಟ್ಟಿಸಿಕೊಂಡು ಹೋಗುವುದು ಪದ್ಧತಿ. ಆ ವರ್ಷ ಲಾಕ್‌ಡೌನ್, ಯಾರೂ ಬರಲಿಲ್ಲ. ಹಲಸಿನ ಮರಕ್ಕೆ ಅದೆಲ್ಲ ಗೊತ್ತಾ? ಎಂದಿನಂತೆ ಬಿಟ್ಟಿತು. ಅತ್ತೆಯೂ ಎಂದಿನಂತೆ ಹಪ್ಪಳ ಮಾಡಿದರು. ಜೂನ್ ಹೊತ್ತಿಗೆ ಎಂಟುನೂರು ಹಪ್ಪಳ ಡಬ್ಬಿಯಲ್ಲೇ ಉಳಿದಿತ್ತು. ಸುಮ್ನೆ ಒಂದು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ನಾಲ್ಕು ದಿನದಲ್ಲಿ ಪೂರ್ತಿ ಖಾಲಿ.

ಖಾಲಿಯಾಗಿದ್ದೇನೋ ಹೌದು, ತಲುಪಿದ್ದು ಮಾತ್ರ ಪುಡಿ. ಮೊದಲ ಐದು ಪಾರ್ಸೆಲ್‌ಗಳಲ್ಲಿ ಮೂರು ಚೂರಾಗಿದ್ದವು. ದುಡ್ಡು ವಾಪಸ್ ಕೊಟ್ಟೆ. ಆಮೇಲೆ ಹೊಳೆದದ್ದು ಅಡಿಕೆ ಹಾಳೆ. ತೋಟದಲ್ಲಿ ಬೇಕಾದಷ್ಟು ಬಿದ್ದಿರುತ್ತದಲ್ಲ, ಅದನ್ನು ಒಂದು ರಾತ್ರಿ ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ ಒಣಗಿಸುತ್ತೇವೆ. ಹಪ್ಪಳಕ್ಕಿಂತ ಒಂದು ಬೆರಳು ಜಾಸ್ತಿ ಅಗಲಕ್ಕೆ ದುಂಡಗೆ ಕತ್ತರಿಸಿ, 25 ಹಪ್ಪಳದ ಕಟ್ಟಿಗೆ ಮೇಲೊಂದು ಕೆಳಗೊಂದು ಇಟ್ಟು ಬಾಳೆನಾರಿನಿಂದ ಬಿಗಿಯುತ್ತೇವೆ. ಈಗ ಅಂಚು ಮುರಿಯುವುದೂ ಅಪರೂಪ. ಚಂದಕ್ಕೆ ಮಾಡಿದ್ದಲ್ಲ. ಆದರೆ ಗಿರಾಕಿಗಳು ಮೊದಲು ಫೋಟೋ ಹಾಕುವುದು ಆ ಕಟ್ಟಿನದ್ದೇ!

2023ರ ಜುಲೈಯಲ್ಲಿ ಇನ್‌ಸ್ಟಾಗ್ರಾಂನಲ್ಲಿ ನನ್ನದೊಂದು ರೀಲ್ ಓಡಿತು. ಬೇಸಿಗೆಯಲ್ಲಿ ತೆಗೆದಿಟ್ಟಿದ್ದ ವಿಡಿಯೋ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಹಿಟ್ಟಿನ ಉಂಡೆ, ಮೇಲೆ ಮಣೆ, ಅತ್ತೆಯ ಕೈ, ಠಪ್. ಅಷ್ಟೇ. ಸೋದರಳಿಯ ಹಿಂದೆ ಹಾಡು ಹಾಕೋಣ ಎಂದ, ನಾನೇ ಬೇಡ ಎಂದೆ. ವಾರದಲ್ಲಿ ಎರಡು ಲಕ್ಷ ಜನ ನೋಡಿದರು. "ರೇಟ್ ಎಷ್ಟು", "ಮುಂಬೈಗೆ ಕಳಿಸ್ತೀರಾ", "ಅಜ್ಜಿ ನೆನಪಾದ್ರು". ನನ್ನ ಹತ್ತಿರ ಉಳಿದಿದ್ದು ಹನ್ನೊಂದು ಕಟ್ಟು.

ಹಲಸಿನಕಾಯಿ ಹಪ್ಪಳವನ್ನು ಜುಲೈಯಲ್ಲಿ ಮಾಡಲು ಆಗುವುದಿಲ್ಲ. ಕಾಯಿ ಬೆಳೆದಿರಬೇಕು, ಹಣ್ಣಾಗಿರಬಾರದು. ಸೊಳೆ ಬಿಡಿಸಿ, ಬೇಯಿಸಿ, ಬಿಸಿ ಇರುವಾಗಲೇ ಕುಟ್ಟಬೇಕು. ಆಮೇಲೆ ಒಳ್ಳೇ ಬಿಸಿಲು ಬೇಕು. ನಮ್ಮಲ್ಲಿ ಜುಲೈಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಗೇರು ಮರದ ಕೆಳಗೆ ನಿಂತು "ಮುಂದಿನ ಏಪ್ರಿಲ್‌ಗೆ" ಎಂದು ಟೈಪ್ ಮಾಡಿ ಮಾಡಿ ಹೆಬ್ಬೆರಳು ನೋಯುತ್ತಿತ್ತು. ಏಪ್ರಿಲ್‌ನಲ್ಲಿ ನೆನಪಿಟ್ಟುಕೊಂಡು ಬಂದವರು ಎಷ್ಟು? ಒಂಬತ್ತು ಜನ.

ಅದಕ್ಕೇ ನನಗೆ ಇನ್‌ಸ್ಟಾಗ್ರಾಂ ಅಂದ್ರೆ ಊರ ಜಾತ್ರೆ ಇದ್ದಂತೆ. ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ವ್ಯಾಪಾರ ನಡೆಯುವುದು ವಾಟ್ಸಾಪ್‌ನಲ್ಲಿ. ಅಲ್ಲೂ ಒಂದು ಕಿತಾಪತಿ ಇದೆ. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಇದು ತಿಳಿಯದೆ ಒಂದಿಡೀ ಸೀಸನ್ ಗಾಳಿಗೆ ಮೆಸೇಜ್ ಕಳಿಸಿದ್ದೇನೆ. ಈಗ ಪ್ರತಿ ಕಟ್ಟಿನೊಳಗೆ ಒಂದು ಚೀಟಿ: "ಈ ನಂಬರನ್ನು ಹಪ್ಪಳ ಅಂತ ಸೇವ್ ಮಾಡ್ಕೊಳ್ಳಿ."

ರೇಟನ್ನು ಪೋಸ್ಟಿನಲ್ಲೇ ಬರೆಯುತ್ತೇನೆ, 25ಕ್ಕೆ 150 ರೂಪಾಯಿ, ಅಂಚೆ ಖರ್ಚು ಬೇರೆ. "ಇನ್‌ಬಾಕ್ಸ್‌ಗೆ ಬನ್ನಿ" ಅನ್ನುವ ಗುಟ್ಟು ನನಗೆ ಇಷ್ಟವಿಲ್ಲ. ದುಬಾರಿ ಅನ್ನುವವರು ಅಲ್ಲೇ ಹೇಳಿ ಹೋಗಲಿ. ದುಡ್ಡು ಬಂದಿದೆಯಾ ಅಂತ ಬ್ಯಾಂಕ್ ಖಾತೆ ನೋಡದೆ ಕಟ್ಟು ಕಟ್ಟುವುದಿಲ್ಲ. ಒಮ್ಮೆ ಬರೀ ಸ್ಕ್ರೀನ್‌ಶಾಟ್ ನಂಬಿ 900 ರೂಪಾಯಿಯ ಹಪ್ಪಳ ಕಳಿಸಿದೆ. ಸ್ಕ್ರೀನ್‌ಶಾಟ್ ಸುಳ್ಳು, ಹಪ್ಪಳ ನಿಜ! ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಗೆ ಹೆದರಿದ್ದೆ, ಸುಮ್ನೆ. ಸಣ್ಣ ವ್ಯಾಪಾರಿಗಳಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. 14 ಅಂಕಿಯ ಆ ನೋಂದಣಿ ಸಂಖ್ಯೆ ಲೇಬಲ್ ಮೇಲೆ ಬಂದ ಮೇಲೆ ನೆಂಟರಲ್ಲದವರೂ ಧೈರ್ಯವಾಗಿ ಕೊಳ್ಳುತ್ತಿದ್ದಾರೆ.

ಈಗ ಮಾರ್ಚಿನಲ್ಲೇ ಬುಕಿಂಗ್ ತೆಗೆದುಕೊಳ್ಳುತ್ತೇನೆ. ಈ ಸಲ 140 ಕಟ್ಟು ಆಗುತ್ತಿದ್ದಂತೆ ನಿಲ್ಲಿಸಿದೆ. ಅತ್ತೆ, ನಾನು, ಪಕ್ಕದ ಮನೆಯ ಇಬ್ಬರು ಸೇರಿ ಮಾಡಲು ಆಗುವುದು ಅಷ್ಟೇ. ಸೋದರಳಿಯನಿಗೆ ಬೇಸರ, "ಎರಡು ಲಕ್ಷ ವ್ಯೂಸ್ ಬಂದ ಪೇಜು, ಇನ್ನೂ ಬೆಳೆಸಬಹುದು" ಎನ್ನುತ್ತಾನೆ. ಕೈಗೆ ಎಣ್ಣೆ ಸವರಿಕೊಂಡು ಹಲಸಿನಕಾಯಿ ಎದುರು ಕೂತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಆ ಎರಡು ಲಕ್ಷ ಜನ್ರಲ್ಲಿ ಒಂದ್ ನಾಕ್ ಜನ ಸೊಳೆ ಬಿಡ್ಸಲೆ ಬತ್ವ ಕೇಳು."