ಜಿಪ್ಸಿಗೆ ಬುಲೆಟ್ ಲೈಟು

2025 ಜೂನ್ 15, ಭಾನುವಾರ
ಮೂಡಿಗೆರೆ

ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ನಿನ್ನೆ ರಾತ್ರಿ ಕೊಟ್ಟಿಗೆಹಾರದ ತನಕ ಹೋಗಿ ಬಂದದ್ದು ಇನ್ನೂ ಕಣ್ಣಲ್ಲೇ ಇದೆ, ಬರೆದಿಡುತ್ತೇನೆ.

ನನ್ನದು 1999ರ ಜಿಪ್ಸಿ ಕಿಂಗ್, ಮಾರುತಿಯವರ ಜೀಪಿನಂಥ ಗಾಡಿ. ನಾನು ತಗೊಂಡಾಗಿನಿಂದಲೂ ಹೆಡ್‌ಲೈಟ್ ಮಂಕು. ತಮ್ಮ ತನ್ನ ಬುಲೆಟ್ಟಿಗೆ ಎಲ್‌ಇಡಿ ಲೈಟು ಹಾಕಿಸಿಕೊಂಡಿದ್ದ, ರಾತ್ರಿ ಅಂಗಳಕ್ಕೆ ಗಾಡಿ ತಂದರೆ ಅಡಿಕೆ ಮರದ ತುದಿಯ ತನಕ ಬೆಳಕು. ಬುಲೆಟ್ಟಿನದೂ 7 ಇಂಚಿನ ಗುಂಡು ಲೈಟು, ಜಿಪ್ಸಿಯದೂ 7 ಇಂಚು. ಹಳೆ ಜೀಪು, ಹಳೆ ಥಾರ್‌ಗಳದ್ದೂ ಅದೇ ಅಳತೆ. ಹಾಗಾಗಿ ಅದೇ ಲೈಟು ಎರಡು ತರಿಸಿದೆ.

ಕೂರಿಸುವುದು ಕಷ್ಟವಾಗಲಿಲ್ಲ. ಹೊರಗಿನ ರಿಂಗ್ ಬಿಚ್ಚಿ ಹಳೆಯದನ್ನು ಎಳೆದರೆ ಹಿಂದೆ ಮೂರು ಪಿನ್ನಿನ ಕಪ್ಲರ್ (ವೈರು ಸಿಕ್ಕಿಸುವ ಪ್ಲಗ್ಗು), ಹೊಸದರ ಕಪ್ಲರೂ ಅದೇ. ಸಿಕ್ಕಿಸಿ ಸ್ವಿಚ್ ಹಾಕಿದೆ. ಹತ್ತಲೇ ಇಲ್ಲ.

ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಮೀಟರ್ ಹಿಡಿದು ಎರಡೇ ನಿಮಿಷದಲ್ಲಿ ಹೇಳಿದರು: "ಮಾರಾಯ್ರೆ, ಇದರಲ್ಲಿ ಸ್ವಿಚ್ ಇರೋದು ಮೈನಸ್ ಕಡೆ. ಪ್ಲಸ್ ಯಾವಾಗಲೂ ಬಲ್ಬಿಗೆ ಬಂದು ನಿಂತಿರುತ್ತೆ." ಹಳೆ ಜಪಾನಿ ಗಾಡಿಗಳಲ್ಲಿ ಇದು ಇದೆಯಂತೆ. ಬಲ್ಬಿನೊಳಗಿನ ತಂತಿಗೆ ಕರೆಂಟು ಯಾವ ಕಡೆಯಿಂದ ಬಂದರೂ ಸರಿ, ಕಾದು ಉರಿಯುತ್ತದೆ. ಎಲ್‌ಇಡಿಗೆ ಹಾಗಲ್ಲ, ಪ್ಲಸ್ ಮೈನಸ್ ತಿರುವುಮುರುವಾದರೆ ಸುಮ್ನೆ ಕೂತುಬಿಡುತ್ತದೆ.

ಅದಕ್ಕೆ ಅವರು ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಕಿ ಆರಿಸುವ ಸ್ವಿಚ್) ಹಾಕಿದರು, ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು. ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಸಮೇತ ದಪ್ಪ ವೈರು, ಲೈಟಿಗೆ ಬೇರೆ ಅರ್ತ್ (ಮೈನಸ್ ವೈರು). ಹಳೆ ಕಪ್ಲರಿನ ಕೆಲಸ ಈಗ ರಿಲೇಯೊಳಗಿನ ಕಾಯಿಲ್ಲಿಗೆ, ಅಂದರೆ ಸುರುಳಿ ತಂತಿಗೆ, ಕರೆಂಟು ಕೊಡುವುದು ಮಾತ್ರ. ಕಾಯಿಲ್ಲಿಗೆ ಪ್ಲಸ್ ಯಾವ ಕಡೆ ಇದ್ದರೂ ನಡೆಯುತ್ತದೆ. ಈಗ ಎರಡೂ ಲೈಟು ಹತ್ತಿದವು.

ನನಗೆ ಮುಖ್ಯ ಅನ್ನಿಸಿದ್ದು ಇದರ ನಡುವೆ ನೋಡಿದ ಇನ್ನೊಂದು ವಿಷಯ. ರಿಲೇ ಹಾಕುವ ಮೊದಲು ಹಳೆ ಬಲ್ಬಿನ ಹತ್ತಿರ ಮೀಟರ್ ಇಟ್ಟಾಗ 11.2 ವೋಲ್ಟ್ ತೋರಿಸಿತ್ತು, ಎಂಜಿನ್ ಓಡುತ್ತಿದ್ದು ಬ್ಯಾಟರಿಯಲ್ಲಿ 13.8 ಇದ್ದರೂ. ಉಳಿದದ್ದೆಲ್ಲ ಹಳೆ ವೈರು, ಸ್ವಿಚ್ಚು, ತುಕ್ಕು ಹಿಡಿದ ಅರ್ತಿನಲ್ಲೇ ಹೋಗುತ್ತಿತ್ತು. ಹ್ಯಾಲೋಜೆನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಮ್ಮಿಯಾದರೆ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಬಿದ್ದುಹೋಗುತ್ತದೆ. ಪರೀಕ್ಷೆಗೆ ಅಂತ ಅಣ್ಣ ಹಳೆ ಬಲ್ಬನ್ನೇ ರಿಲೇಯ ವೈರಿಗೆ ಕೊಟ್ಟು ನೋಡಿದರು. ಅದೇ 60/55 ವ್ಯಾಟಿನ ಬಲ್ಬು, ಬೇರೆ ಗಾಡಿಯ ಲೈಟಿನ ಹಾಗೆ ಉರಿಯಿತು.

ಆದರೂ ಎಲ್‌ಇಡಿಯನ್ನೇ ಕೂರಿಸಿಕೊಂಡು ಹೊರಟೆ. ಹೊರಡುವ ಮುಂಚೆ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಡಿಮ್ಮಿನ ಮೇಲಿನ ಅಂಚು ಲೈಟಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬರುವ ಹಾಗೆ ಸ್ಕ್ರೂ ತಿರುಗಿಸಿದ್ದೆ. ಎದುರು ಬರುವವರ ಕಣ್ಣಿಗೆ ಹೊಡೆಯಬಾರದು, ಅಲ್ವಾ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳಿಗೆ ಕೇಸು ಹಾಕಲು ಶುರು ಮಾಡಿದ್ದು ಒಳ್ಳೆಯದೇ ಆಯಿತು ಅನ್ನುವವನು ನಾನು.

ಕೊಟ್ಟಿಗೆಹಾರ ಇನ್ನೇನು ಬಂತು ಅನ್ನುವಾಗ ಮಂಜು ಇಳಿಯಿತು. ಬಿಳಿ ಬೆಳಕು ಮಂಜಿಗೆ ಬಡಿದು ವಾಪಸ್ ನನ್ನ ಕಣ್ಣಿಗೇ ಬರುತ್ತಿತ್ತು. ಗಾಡಿ ನಿಧಾನ ಮಾಡಿದೆ. ಎಡಗಡೆ ರಸ್ತೆ ಅಂಚಿನಲ್ಲಿ ಎರಡು ಕಾಲು ನಡೆಯುತ್ತಾ ಇದ್ದವು. ರಬ್ಬರ್ ಚಪ್ಪಲಿ, ಮೊಣಕಾಲಿನ ತನಕ ಮಡಚಿ ಕಟ್ಟಿದ ಪಂಚೆ. ಅದರ ಮೇಲೆ ಏನೂ ಇಲ್ಲ, ಕತ್ತಲು. ಪಕ್ಕಕ್ಕೆ ಬಂದ ಮೇಲೆ ಕಂಡಿತು, ವಯಸ್ಸಾದವರೊಬ್ಬರು ಕರಿ ಕೊಡೆ ಹಿಡಿದು ಹೋಗುತ್ತಿದ್ದರು. ಎದೆ ಧಸಕ್ಕೆಂದಿತು.

ಮನೆಗೆ ಬಂದು ಮತ್ತೆ ಗೋಡೆಗೆ ಬೆಳಕು ಬಿಟ್ಟು ನೋಡಿದೆ. ನಾನು ತಂದ ಲೈಟಿನ ಡಿಮ್ಮು ಎರಡೂ ಕಡೆ ಸ್ಕೇಲು ಇಟ್ಟು ಕೊಯ್ದ ಹಾಗೆ ಚಪ್ಪಟೆ. ನಮ್ಮ ದೇಶದ ಕಾರಿನ ಡಿಮ್ಮು ಹಾಗಿರುವುದಿಲ್ಲ, ಬಲಗಡೆ ಚಪ್ಪಟೆಯಾಗಿದ್ದು ಎಡಗಡೆ ಮೇಲಕ್ಕೆ ಏರುತ್ತದೆ. ಎದುರಿನವರ ಕಣ್ಣು ಉಳಿಯಲಿ, ಎಡಗಡೆ ನಡೆಯುವವರೂ ಬೋರ್ಡೂ ಕಾಣಲಿ ಅಂತಲೇ ಹಾಗೆ ಮಾಡಿರುವುದು. ಈ ಲೈಟಲ್ಲಿ ಆ ಅಜ್ಜನ ಮುಖ ಕಾಣಬೇಕು ಅಂದರೆ ನಾನು ಅಂಚನ್ನೇ ಎತ್ತಬೇಕು, ಎತ್ತಿದರೆ ಎದುರು ಬರುವ ಬಸ್ಸಿನ ಡ್ರೈವರ್‌ಗೆ ರಸ್ತೆ ಕಾಣುವುದಿಲ್ಲ.

ಹಾಗಾಗಿ ಎಲ್‌ಇಡಿ ಬಿಚ್ಚುತ್ತಿದ್ದೇನೆ. ರಿಲೇ, ದಪ್ಪ ವೈರು ಹಾಗೇ ಇರಲಿ. ಹಳೆ ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಎದ್ದುಹೋಗಿದೆ, ನಾಳೆ ಚಿಕ್ಕಮಗಳೂರಿಗೆ ಹೋಗಿ ಜಿಪ್ಸಿಯದೇ ಹೊಸ ಗಾಜಿನ ಲೈಟು ಒಂದು ಜೊತೆ, ಎಚ್4 ಬಲ್ಬು (ಡಿಮ್ಮು ಬ್ರೈಟು ಎರಡೂ ಇರುವ ಹ್ಯಾಲೋಜೆನ್) ಎರಡು ತರಬೇಕು. ಬಲಗಡೆ ರಿಂಗಿನ ಕೆಳಗಿನ ಸ್ಕ್ರೂ ತುಕ್ಕಿಗೆ ಕಚ್ಚಿಕೊಂಡಿದೆ. ಈಗಷ್ಟೇ ಎಣ್ಣೆ ಬಿಟ್ಟು ಬಂದೆ.