"ಇದು ಎಷ್ಟು ಗ್ರಾಂ ಇದೆ?"

ಮೊದಲ ಸಲ ಸ್ಟಾಲ್ ಹಾಕಿದ ದಿನ ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಇದನ್ನೇ. ನಮ್ಮಲ್ಲಿ ಬೆಳ್ಳಿ ಅಂದರೆ ತೂಕ. ಕಾಲ್ಗೆಜ್ಜೆ ಇರಲಿ, ಉಡಿದಾರ ಇರಲಿ, ಕುಂಕುಮದ ಬಟ್ಟಲು ಇರಲಿ, ಅಂಗಡಿಯವರು ತಕ್ಕಡಿಗೆ ಹಾಕುತ್ತಾರೆ, ಅವತ್ತಿನ ದರಕ್ಕೆ ಗುಣಿಸುತ್ತಾರೆ, ಮೇಲೆ ಮಜೂರಿ ಸೇರಿಸುತ್ತಾರೆ. ನಾನೂ ಹಾಗೇ ಕೊಂಡು ಬೆಳೆದವಳು. ಅದಕ್ಕೇ ನನ್ನ ಕೈಯಾರೆ ಮಾಡಿದ ಜುಮುಕಿಗೂ ಗ್ರಾಂ ಲೆಕ್ಕದಲ್ಲೇ ಬೆಲೆ ಕಟ್ಟಿದೆ. ಆ ತಪ್ಪು ತಿದ್ದಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ಆಗ ನಾನು ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡುತ್ತಿದ್ದೆ. ಬೆಳ್ಳಿ ಕೆಲಸ ಭಾನುವಾರದ ಹವ್ಯಾಸ. ನಗರತ್‌ಪೇಟೆಯ ಒಂದು ಹಳೇ ಕಟ್ಟಡದ ಮಹಡಿಯಲ್ಲಿ ಕೂತು ಕೆಲಸ ಮಾಡುತ್ತಿದ್ದ ಆಚಾರ್ರು ಕಲಿಸಿಕೊಟ್ಟರು. ಮೊದಲ ಎರಡು ತಿಂಗಳು ಬರೀ ಅರ ಹಿಡಿಯುವುದು, ಸಾಲು ತೂತುಗಳಿರುವ ಕಂಬಚ್ಚಿನಲ್ಲಿ ತಂತಿ ಎಳೆಯುವುದು. ಬೆಸುಗೆ ಕಲಿಯುವಾಗ ತುಂಡುಗಳನ್ನು ಎಷ್ಟು ಸಲ ಕರಗಿಸಿಬಿಟ್ಟೆನೋ ಲೆಕ್ಕವಿಲ್ಲ. ಬೆಸುಗೆ ಕರಗುವ ಬಿಸಿಗೂ 925 ಬೆಳ್ಳಿಯೇ (ಸಾವಿರಕ್ಕೆ 925 ಪಾಲು ಬೆಳ್ಳಿ ಇರುವುದು) ಕರಗತೊಡಗುವ ಬಿಸಿಗೂ ಅಂತರ ತುಂಬ ಕಡಿಮೆ. ಸುಮಾರು 800 ಡಿಗ್ರಿ ದಾಟಿದರೆ ಮುಗಿಯಿತು. "ಬೆಸುಗೆಗೆ ಬೆಂಕಿ ಹಿಡೀಬೇಡಮ್ಮ, ಬೆಳ್ಳಿಗೆ ಹಿಡಿ. ಬೆಸುಗೆ ತಾನಾಗೇ ಓಡಿಬರುತ್ತೆ" ಅನ್ನುತ್ತಿದ್ದರು. ಬೆಸುಗೆಗೆ ಮೊದಲು ಹಚ್ಚಿದ ಬಿಳಿಗಾರ ಗಾಜಿನ ಹಾಗೆ ಹೊಳೆಯತೊಡಗಿದಾಗ ಉಸಿರು ಬಿಗಿಹಿಡಿದು ಕಾಯುವ ಆ ಗಳಿಗೆ ನನಗೆ ಇವತ್ತಿಗೂ ಇಷ್ಟ.

ಗೆಳತಿಯರು ಕೇಳಿ ಮಾಡಿಸಿಕೊಂಡರು. ಅವರನ್ನು ನೋಡಿ ಬೇರೆಯವರು ಕೇಳಿದರು. 2022ರಲ್ಲಿ ಧೈರ್ಯ ಮಾಡಿ ಎರಡು ದಿನದ ಒಂದು ಮೇಳದಲ್ಲಿ ಮೇಜು ಹಿಡಿದೆ. ಬಾಡಿಗೆ 3,000 ರೂಪಾಯಿ. 20 ಜೊತೆ ಮಾರಾಟವಾಯಿತು. ಖುಷಿಯೋ ಖುಷಿ. ಮನೆಗೆ ಬಂದು ಒಂದು ಜೊತೆ ಜುಮುಕಿಯ ಲೆಕ್ಕ ಹಾಕಿದೆ.

ಮಾರಿದ್ದು 1,600ಕ್ಕೆ. ಬೆಳ್ಳಿ 14 ಗ್ರಾಂ, ಆಗಿನ ದರ ಗ್ರಾಂಗೆ ಸುಮಾರು 65 ರೂಪಾಯಿ, ಅಲ್ಲಿಗೆ 910. ಅರದಲ್ಲಿ, ಪಾಲಿಶ್‌ನಲ್ಲಿ ಹೋದ ಬೆಳ್ಳಿ 30. ಗ್ಯಾಸ್, ಬೆಸುಗೆ, ಆ್ಯಸಿಡ್ 60. ಡಬ್ಬಿ 50. ಮೇಜಿನ ಬಾಡಿಗೆಯ ಪಾಲು 150. ಉಳಿದದ್ದು 400. ಆ ಜೊತೆಗೆ ಹಿಡಿದದ್ದು ಎಂಟು ಗಂಟೆ. ಅಂದರೆ ಗಂಟೆಗೆ 50 ರೂಪಾಯಿ.

ಆ ರಾತ್ರಿ ನನಗೆ ನೆನಪಾದದ್ದು ಆಚಾರ್ರು. ನಲವತ್ತು ವರ್ಷದ ಕೈ ಅವರದು. ಅವರ ಕೆಲಸಕ್ಕೂ ದೊಡ್ಡ ಅಂಗಡಿಗಳು ಗ್ರಾಂಗೆ ಇಷ್ಟು ಎಂದೇ ಮಜೂರಿ ಕೊಡುತ್ತಿದ್ದವು. ಕುಸುರಿ ಜಾಸ್ತಿಯಾದಷ್ಟೂ ವಸ್ತು ಹಗುರ, ಹಗುರವಾದಷ್ಟೂ ಕೂಲಿ ಕಡಿಮೆ. ಇದು ಅನ್ಯಾಯ ಅಂತ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಕೈಕೆಲಸ ಮಾಡುವವರು ತಮ್ಮ ಬೆಲೆಯನ್ನು ತೂಕದಿಂದ ಬಿಡಿಸಿಕೊಳ್ಳಲೇಬೇಕು.

ಹಾಗಾಗಿ ನನ್ನ ಚೀಟಿ ಬದಲಾಯಿಸಿದೆ. ಈಗ ಪ್ರತಿ ಒಡವೆಯ ಜೊತೆ ಎರಡು ಸಾಲು ಇರುತ್ತವೆ: ಬೆಳ್ಳಿ ಇಷ್ಟು ಗ್ರಾಂ, ಕೈಕೆಲಸ ಇಷ್ಟು ಗಂಟೆ. ಒಟ್ಟು ಮೊತ್ತದ ಮೇಲೆ 3% ಜಿಎಸ್‌ಟಿ. "ಎಷ್ಟು ಗ್ರಾಂ?" ಎಂದವರಿಗೆ ತೂಕ ಹೇಳುತ್ತೇನೆ, ಆಮೇಲೆ ಗಂಟೆ ತೋರಿಸುತ್ತೇನೆ. ಕೆಲವರು ಇಟ್ಟು ಹೋಗುತ್ತಾರೆ. ಉಳಿದವರು "ಎಂಟು ಗಂಟೆ ಯಾಕೆ ಬೇಕು?" ಅಂತ ಕೇಳುತ್ತಾರೆ. ಅಲ್ಲಿಂದಲೇ ಮಾತು ಶುರುವಾಗುತ್ತದೆ. ಮೇಜಿನ ಮೇಲೆ ಅರ್ಧ ಮಾಡಿದ ಒಂದು ಜುಮುಕಿ ಇಟ್ಟಿರುತ್ತೇನೆ, ಅದನ್ನೇ ಕೈಗೆ ಕೊಡುತ್ತೇನೆ.

ಗಂಟೆ ಕಡಿಮೆ ಮಾಡುವುದನ್ನೂ ಕಲಿಯಬೇಕಿತ್ತು. ಹವ್ಯಾಸದಲ್ಲಿ ಒಂದು ವಸ್ತುವನ್ನು ಒಂದೇ ಸಲ ಮಾಡುತ್ತೇವೆ. ವ್ಯಾಪಾರದಲ್ಲಿ "ಅದೇ ಥರದ್ದು ಹನ್ನೆರಡು ಜೊತೆ ಬೇಕು" ಅನ್ನುತ್ತಾರೆ. ಮೊದಲ ಹನ್ನೆರಡು ಜೊತೆಯಲ್ಲಿ ಎಡದ್ದಕ್ಕೂ ಬಲದ್ದಕ್ಕೂ ಹೊಂದಲೇ ಇಲ್ಲ, ಅರ್ಧ ಮತ್ತೆ ಕರಗಿಸಿದೆ. ಈಗ ಹಿತ್ತಾಳೆ ತಗಡಿನಲ್ಲಿ ಅಳತೆಯ ಅಚ್ಚು ಮಾಡಿಟ್ಟುಕೊಂಡಿದ್ದೇನೆ. ಒಂದು ದಿನ ಎಲ್ಲ ತಗಡು ಕತ್ತರಿಸುವುದು, ಇನ್ನೊಂದು ದಿನ ಎಲ್ಲವನ್ನೂ ಕಾಯಿಸಿ ಮೆದು ಮಾಡಿ ಬಡಿಯುವುದು, ಮೂರನೇ ದಿನ ಬೆಸುಗೆ. ಎಂಟು ಗಂಟೆ ಐದಕ್ಕೆ ಇಳಿಯಿತು. ಕಿವಿಗೆ ಹೋಗುವ ಕಂಬಿ 0.8 ಮಿ.ಮೀ. ಇರಬೇಕು ಎಂಬುದನ್ನು ಗಿರಾಕಿಗಳ ನೋವಿನಿಂದ ಕಲಿತೆ. ಗಟ್ಟಿ ಇರಲಿ ಎಂದು ಮೊದಲು 1 ಮಿ.ಮೀ. ಹಾಕುತ್ತಿದ್ದೆ. ಅರದ ಪುಡಿ ಬೀಳಲು ಮೇಜಿನ ಕೆಳಗೆ ಚರ್ಮದ ಹಾಸು ಕಟ್ಟಿದ್ದೇನೆ. ಅಕ್ಕಸಾಲಿಗರು ಗುಡಿಸಿದ ಧೂಳನ್ನೂ ಯಾಕೆ ಎಸೆಯುವುದಿಲ್ಲ ಅಂತ ಈಗ ಅರ್ಥವಾಗುತ್ತದೆ.

ಇನ್ನೊಂದು ವಿಷಯ ಬರೆಯಲು ಕಷ್ಟ, ಆದರೂ ಬರೆಯಬೇಕು. ಆರಂಭದಲ್ಲಿ ಒಂದು ಅಂಗಡಿಯಿಂದ 925 ಎಂದು ತಗಡು ತರುತ್ತಿದ್ದೆ. ಅವರ ಮಾತು ನಂಬಿ ನಾನೂ ಚೀಟಿಯಲ್ಲಿ 925 ಎಂದು ಬರೆಯುತ್ತಿದ್ದೆ. ಒಮ್ಮೆ ಒಬ್ಬರು "ಪರೀಕ್ಷೆ ಮಾಡಿಸಿದ್ದೀರಾ?" ಎಂದು ಕೇಳಿದರು. ಮಾಡಿಸಿದೆ. ನೂರಕ್ಕೆ 88 ಮಾತ್ರ ಬೆಳ್ಳಿ ಇತ್ತು. ಆ ತಗಡಿನಲ್ಲಿ ಮಾಡಿದ ಒಂಬತ್ತು ಒಡವೆ ಆಗಲೇ ಹೋಗಿದ್ದವು. ಒಂಬತ್ತು ಮಂದಿಗೂ ಫೋನ್ ಮಾಡಿ ಇದ್ದದ್ದು ಹೇಳಿದೆ. ಇಬ್ಬರು ಹಣ ವಾಪಸ್ ಪಡೆದರು, ಉಳಿದವರಿಗೆ ಹೊಸದು ಮಾಡಿಕೊಟ್ಟೆ. ಮೂರು ತಿಂಗಳ ದುಡಿಮೆ ಹೋಯಿತು. ಅಂದಿನಿಂದ 999 ಬೆಳ್ಳಿ, ಅಂದರೆ ಹೆಚ್ಚುಕಡಿಮೆ ಶುದ್ಧ ಬೆಳ್ಳಿ ಕೊಂಡು, 92.5 ಗ್ರಾಂಗೆ 7.4 ಗ್ರಾಂ ತಾಮ್ರ ಸೇರಿಸಿ ನಾನೇ ಮೂಸೆಯಲ್ಲಿ ಕರಗಿಸುತ್ತೇನೆ. ಬೆಳ್ಳಿಗೆ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ, ಕಡ್ಡಾಯವಿಲ್ಲ. ಆದರೂ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಮಾಡಿಸಿ ಹಾಕಿಸುತ್ತಿದ್ದೇನೆ. 2025ರ ಸೆಪ್ಟೆಂಬರ್‌ನಿಂದ ಬೆಳ್ಳಿಗೂ ಎಚ್‌ಯುಐಡಿ, ಅಂದರೆ ಹಾಲ್‌ಮಾರ್ಕ್ ಆದ ಪ್ರತಿ ಒಡವೆಗೂ ಅದರದ್ದೇ ಗುರುತಿನ ಸಂಖ್ಯೆ, ಬಂದಿದೆ. ಗಿರಾಕಿಯೇ ಮೊಬೈಲ್‌ನಲ್ಲಿ ನೋಡಿಕೊಳ್ಳಬಹುದು. ಹೊಸಬರು ದಯವಿಟ್ಟು ಮೊದಲ ತಗಡನ್ನೇ ಪರೀಕ್ಷೆ ಮಾಡಿಸಿ.

ಕೆಲಸ ಬಿಟ್ಟದ್ದು ಎಂಟು ತಿಂಗಳ ಮನೆಖರ್ಚು ಕೈಯಲ್ಲಿ ಇಟ್ಟುಕೊಂಡ ಮೇಲೆ. ಅದರ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ, ಅವರವರ ಮನೆ ಬೇರೆ.

2025 ಬಂದಾಗ ದರ ಓಡತೊಡಗಿತು. ಬೆಳ್ಳಿ ಕೆಜಿಗೆ ಲಕ್ಷ ದಾಟಿತು, ವರ್ಷ ಮುಗಿಯುವ ಹೊತ್ತಿಗೆ ಎರಡು ಲಕ್ಷ. ಬೇಸಿಗೆಯಲ್ಲಿ ಒಪ್ಪಿಕೊಂಡ ಒಂದು ಮದುವೆ ಆರ್ಡರ್ ಹಳೇ ಬೆಲೆಗೇ ಮಾಡಿಕೊಟ್ಟು ನಷ್ಟ ತಿಂದೆ. ಮಾತು ಕೊಟ್ಟಿದ್ದೆ ಅಲ್ವಾ. ಈಗ ಆರ್ಡರ್ ದಿನವೇ ಅರ್ಧ ಹಣ ತೆಗೆದುಕೊಂಡು ಅವತ್ತು ಸಂಜೆಯೇ ಬೆಳ್ಳಿ ತಂದಿಡುತ್ತೇನೆ. ಹಣ ಕೊಟ್ಟವರ ಹೆಸರು ಬರೆದ ಪುಟ್ಟ ಚೀಲದಲ್ಲೇ ಅವರ ಬೆಳ್ಳಿ ಇರುತ್ತದೆ.

ಈ ವಾರ ಅಂಥ ನಾಲ್ಕು ಚೀಲ ಇವೆ. ಒಂದರಲ್ಲಿ ಬುಗುಡಿ. ಅಜ್ಜಿಯ ಹಳೇ ಬುಗುಡಿಯ ಫೋಟೊ ತೋರಿಸಿ ಮೊಮ್ಮಗಳು ಮಾಡಿಸುತ್ತಿದ್ದಾಳೆ. ತೂಕ ಬರೀ ನಾಲ್ಕು ಗ್ರಾಂ. ಎಷ್ಟು ಗಂಟೆ ಆಗುತ್ತದೆ ಎಂದು ಅವಳೇ ಮೊದಲು ಕೇಳಿದಳು.