“ಮಾರಂಗಿಲ್ಲ ಅಂದ್ರ ಯಾಕ ಸಾಕೀರಿ?”

ನಮ್ಮ ಮನೆ ಧಾರವಾಡದ ಕೆಲಗೇರಿ ಕಡೆ. ಹಿತ್ತಲಲ್ಲಿ ನಾಲ್ಕು ಆಡುಗಳಿವೆ. ಕಮಲಿ, ಬೆಳ್ಳಿ, ಚುಕ್ಕಿ ಮತ್ತು ಸಣ್ಯಾ. ಮನೆಗೆ ಬಂದ ನೆಂಟರು, ಶೇಂಗಾ ಹೊಟ್ಟು ತರುವ ಟಂಟಂ ಡ್ರೈವರ್, ಗೇಟಿನಾಚೆ ನಿಂತು ನೋಡುವ ಅಪರಿಚಿತರು, ಎಲ್ಲರದೂ ಒಂದೇ ಪ್ರಶ್ನೆ. “ಅಕ್ಕಾರ, ಹಾಲು ಹಿಂಡಂಗಿಲ್ಲ, ಮಾರಂಗಿಲ್ಲ. ಮತ್ತ ಯಾಕ ಸಾಕೀರಿ?”

ಹಾಲಿನ ಮಾತು ಮೊದಲು ಮುಗಿಸುತ್ತೇನೆ. ಆಡು ಹಾಲು ಕೊಡಬೇಕಾದರೆ ಈಯಬೇಕು. ಐದು ತಿಂಗಳ ಗಬ್ಬ, ಎಷ್ಟೋ ಸಲ ಅವಳಿ ಮರಿ. ಹುಟ್ಟಿದ್ದರಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು. ಎಲ್ಲವನ್ನೂ ಇಟ್ಟುಕೊಳ್ಳಲು ನಮಗೆ ಜಾಗ ಇಲ್ಲ. ಕೊಟ್ಟರೆ ಎಲ್ಲಿಗೆ ಹೋಗುತ್ತವೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಈಯಿಸುವುದೇ ಬೇಡ ಅಂದುಕೊಂಡೆವು. ಸಣ್ಯಾನಿಗೆ ಚಿಕ್ಕವನಿದ್ದಾಗಲೇ ಬೀಜ ಒಡೆಸಿದ್ದೇವೆ. ಹಾಗಾಗಿ ಹೋತದ ಆ ಗಾಢ ವಾಸನೆಯೂ ನಮ್ಮ ಹಿತ್ತಲಲ್ಲಿಲ್ಲ.

ಇನ್ನು ಯಾಕೆ ಸಾಕಿದ್ದೇನೆ ಅನ್ನುವುದು. ಅದರ ಉತ್ತರ ಕಮಲಿಯ ಬಾಯಲ್ಲಿದೆ.

ಸಂತೆಯಲ್ಲಿ ಆಡು ಕೊಳ್ಳುವವರು ಕೆಳತುಟಿ ಸರಿಸಿ ಹಲ್ಲು ನೋಡುತ್ತಾರೆ, ಅಲ್ವಾ? ಆಡಿಗೆ ಮುಂದಿನ ಹಲ್ಲು ಕೆಳಗಷ್ಟೇ ಇರುತ್ತವೆ, ಎಂಟು. ಮೇಲೆ ಬರೀ ಗಟ್ಟಿ ವಸಡು. ವರ್ಷ ದಾಟಿದ ಮೇಲೆ ನಡುವಿನ ಎರಡು ಹಾಲುಹಲ್ಲು ಬಿದ್ದು ದೊಡ್ಡವು ಬರುತ್ತವೆ. ಆಮೇಲೆ ಜೋಡಿ ಜೋಡಿಯಾಗಿ ಬಂದು, ನಾಲ್ಕು ವರ್ಷದ ಹೊತ್ತಿಗೆ ಎಂಟೂ ತುಂಬಿ ಬಾಯಿಗೂಡುತ್ತದೆ. ಅಲ್ಲಿಂದ ಮುಂದಿನ ವಯಸ್ಸನ್ನು ಎಣಿಸುವವರು ಕಡಿಮೆ. ಅಷ್ಟು ದಿನ ಆಡನ್ನು ಯಾರು ಉಳಿಸುತ್ತಾರೆ? 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 14.9 ಕೋಟಿ ಆಡುಗಳಿದ್ದವು. ಚೆನ್ನಾಗಿ ನೋಡಿಕೊಂಡರೆ ಆಡು 12ರಿಂದ 15 ವರ್ಷ ಬದುಕುತ್ತದೆ. ಆದರೂ ಒಂದು ಮುದಿ ಆಡನ್ನು ನೀವು ಯಾವಾಗ ನೋಡಿದ್ದೀರಿ? ನಾನಂತೂ ಕಮಲಿಗೆ ವಯಸ್ಸಾಗುವ ತನಕ ನೋಡಿರಲಿಲ್ಲ.

ಅವಳಿಗೀಗ 11 ವರ್ಷ. ಎರಡು ಹಲ್ಲು ಬಿದ್ದಿವೆ, ಉಳಿದವು ಸವೆದಿವೆ. ಗದ್ದದ ಗಡ್ಡ ಬೆಳ್ಳಗಾಗಿದೆ. ಮೊದಲು ಅವಳೇ ಯಜಮಾನಿ. ಬುಟ್ಟಿಗೆ ಮೊದಲು ಬಾಯಿ ಹಾಕುವವಳು ಅವಳು, ಉಳಿದವರು ಕಾಯಬೇಕು. ಹೋದ ವರ್ಷ ಒಂದು ಬೆಳಿಗ್ಗೆ ಬೆಳ್ಳಿ ಅವಳನ್ನು ಗುದ್ದಿ ಪಕ್ಕಕ್ಕೆ ಸರಿಸಿದಳು. ಎರಡು ದಿನ ಕೊಂಬಿಗೆ ಕೊಂಬು ತಾಗಿಸಿದರು. ಮೂರನೇ ದಿನ ಕಮಲಿ ತಾನಾಗಿಯೇ ಹಿಂದೆ ನಿಂತಳು. ನನಗೆ ಕಣ್ಣೀರು ಬಂತು. ಆದರೆ ರಾತ್ರಿ ನೋಡಿದರೆ ಬೆಳ್ಳಿ ಅವಳ ಹೊಟ್ಟೆಗೆ ಒತ್ತಿಕೊಂಡೇ ಮಲಗಿದ್ದಳು. ಈಗಲೂ ಹಾಗೇ ಮಲಗುತ್ತಾಳೆ. ಎರಡು ದೊಡ್ಡ ಹಲ್ಲು ಬಂದ ವಯಸ್ಸಿನಲ್ಲೇ ಕಮಲಿಯನ್ನು ಮಾರಿದ್ದರೆ ಇದನ್ನೆಲ್ಲ ನಾನು ನೋಡುತ್ತಿದ್ದೆನಾ?

ಕಮಲಿಗೆ ಬೇರೆ ಬುಟ್ಟಿ ಇಟ್ಟಿದ್ದೇನೆ. ತಪ್ಪಲನ್ನು ಸಣ್ಣಗೆ ಹೆಚ್ಚಿ ಹಾಕುತ್ತೇನೆ. ಉಳಿದವರಿಗೆ ಹುಣಸೆ, ಬೇವಿನ ಟೊಂಗೆಗಳ ಕಟ್ಟನ್ನು ಎದೆಮಟ್ಟಕ್ಕೆ ತೂಗುಹಾಕುತ್ತೇನೆ. ಆಡಿಗೆ ಕತ್ತೆತ್ತಿ ಎಲೆ ತಿನ್ನುವುದೇ ಇಷ್ಟ. ಕೆಳಗೆ ಬಿದ್ದು ಕಾಲಿಗೆ ಸಿಕ್ಕಿದ್ದನ್ನು ನಮ್ಮವು ತಿನ್ನುವುದಿಲ್ಲ. ‘ಆಡು ಮುಟ್ಟದ ಸೊಪ್ಪಿಲ್ಲ’ ಅನ್ನುತ್ತಾರಲ್ಲ, ಮುಟ್ಟುವುದೇನೋ ನಿಜ. ಮೂಸಿ, ತುಟಿಯಲ್ಲಿ ಸವರಿ, ಬಿಟ್ಟುಬಿಡುವುದೂ ಅಷ್ಟೇ ನಿಜ. ಹಾಗಂತ ವಿಷ ಯಾವುದು ಅಂತ ಅವಕ್ಕೇ ಗೊತ್ತಾಗುತ್ತದೆ ಅಂತ ಸುಮ್ನೆ ಬಿಡಬಾರದು. ಕಂಪೌಂಡಿನ ಕಣಗಲ ಗಿಡವನ್ನು ನಾನು ಬುಡಸಮೇತ ಕಿತ್ತು ಹಾಕಿಸಿದೆ. ಮಳೆ ಇಲ್ಲದೆ ಬಾಡಿದ ಎಳೆ ಜೋಳವೂ ಅಪಾಯ, ಅದರಲ್ಲಿ ಸಯನೈಡ್ ವಿಷ ಇರುತ್ತದೆ. ಜೋಳ ಬೆಳೆಯುವ ನಮ್ಮ ಕಡೆ ಇದು ದನ ಕಾಯುವವರಿಗೆಲ್ಲ ಗೊತ್ತಿರುವ ಮಾತು.

ಕಾಳು ಜಾಸ್ತಿ ತಿಂದರೂ ಕಷ್ಟವೇ. ಒಮ್ಮೆ ಸಣ್ಯಾ ಜೋಳದ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆ ತುಂಬ ತಿಂದುಬಿಟ್ಟ. ಕಾಳು ಹೊಟ್ಟೆಯಲ್ಲಿ ಬೇಗ ಹುಳಿಯುತ್ತದೆ, ಆ ಹುಳಿ ಮೈಗೆಲ್ಲ ಏರುತ್ತದೆ. ಸಂಜೆಗೆ ಮೆಲುಕು ನಿಂತಿತು, ಎದ್ದು ನಿಲ್ಲಲಾಗಲಿಲ್ಲ. ಡಾಕ್ಟರು ಬಂದು ಅಡಿಗೆ ಸೋಡಾ ಕುಡಿಸಿ, ಇಂಜೆಕ್ಷನ್ ಕೊಟ್ಟರು. ನಾನು ರಾತ್ರಿಯೆಲ್ಲ ಅವನ ಎಡಪಕ್ಕೆಯ ಮೇಲೆ ಕೈಯಿಟ್ಟು ಕೂತಿದ್ದೆ. ಬೆಳಗಿನ ಜಾವ ಕತ್ತಿನಲ್ಲಿ ಒಂದು ಉಂಡೆ ಮೇಲೇರಿದ್ದು ಕಂಡಿತು. ದವಡೆ ಆಡಿತು. ಮೆಲುಕಿನ ಆ ಸದ್ದು ಕೇಳಿ ಆದ ಸಮಾಧಾನ ಇವತ್ತಿಗೂ ನೆನಪಿದೆ.

ಧಾರವಾಡದ ಜಿಟಿಜಿಟಿ ಮಳೆ ನಮಗೆ ಚಂದ, ಆಡಿಗೆ ಸಂಕಟ. ಒಂದು ಹನಿ ಬಿದ್ದರೂ ಓಡಿ ಬರುತ್ತವೆ. ಅದಕ್ಕೆ ತಗಡಿನ ಕೆಳಗೆ ಹಲಗೆಯ ಅಟ್ಟಣೆ ಮಾಡಿಸಿದ್ದೇವೆ, ಗೊರಸು ಒಣಗಿರಬೇಕು. ಜಂತುಹುಳುವಿನ ಔಷಧ, ಲಸಿಕೆ ಎಲ್ಲ ಡಾಕ್ಟರು ಹೇಳಿದ ಹೊತ್ತಿಗೆ ಹಾಕಿಸುತ್ತೇವೆ.

“ಅವಕ್ಕ ನಿಮ್ಮ ಗುರುತು ಸಿಗತದೇನ್ರಿ?” ಅಂತಲೂ ಕೆಲವರು ಕೇಳುತ್ತಾರೆ. ಚುಕ್ಕಿಗೆ ಚಿಲಕ ತೆಗೆಯಲು ಬಾರದಿದ್ದರೆ ತಿರುಗಿ ನನ್ನ ಮುಖ ನೋಡುತ್ತಾಳೆ. ಮತ್ತೆ ಚಿಲಕ ನೋಡುತ್ತಾಳೆ. ಮತ್ತೆ ನನ್ನ ಮುಖ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದನ್ನೇ ಬರೆದಿದ್ದಾರೆ. ತೆರೆಯಲಾಗದ ಡಬ್ಬಿ ಮುಂದಿಟ್ಟಾಗ ಆಡುಗಳು ಎದುರಿನ ಮನುಷ್ಯನ ಕಡೆ ನೋಡಿದವಂತೆ. ಓದಿದಾಗ ಖುಷಿಯಾಯಿತು. ನಮ್ಮ ಚುಕ್ಕಿ ಹೇಳುತ್ತಿದ್ದುದು ಹೌದು ಅನ್ನಿಸಿತು.

ಮೊನ್ನೆ ಟಂಟಂ ಡ್ರೈವರ್ ಮತ್ತೆ ಅದೇ ಪ್ರಶ್ನೆ ಕೇಳಿದ. ನಾನು ಕಮಲಿಯನ್ನು ಹಿಡಿದು ತುಟಿ ಸರಿಸಿ ತೋರಿಸಿದೆ. ಬಹಳ ಹೊತ್ತು ನೋಡಿದ. “ನಮ್ಮ ಮನ್ಯಾಗೂ ಆಡು ಅದಾವ್ರಿ. ಇಷ್ಟು ವಯಸ್ಸಾದದ್ದು ಒಂದೂ ನೋಡಿಲ್ಲ” ಅಂದ. ಈ ವಾರ ಹೊಟ್ಟಿನ ಚೀಲಗಳ ಮೇಲೆ ಚೊಗಚೆ ಸೊಪ್ಪಿನ ಒಂದು ಕಟ್ಟೂ ಇತ್ತು. “ಇದು ಮೆತ್ತಗಿರತದ್ರಿ, ಮುದುಕಿಗೆ ಹಾಕ್ರಿ” ಅಂತ ಇಳಿಸಿಕೊಟ್ಟು ಹೋದ.